ಇದ್ದಿಲು ತೊಳೆದವರು

ಜೂನ್ 11, 2024. ಚಿತ್ರದುರ್ಗ

ಲೇಖನ ಕಳಿಸಿದ್ದಾಯಿತು. ‘ಸಬ್ಮಿಟ್’ ಒತ್ತುವ ಮೊದಲು ಗೈಡ್ ಮಾರುತೇಶ್ ಸರ್ ಲ್ಯಾಪ್‌ಟಾಪಿಗೆ ಕೈ ಮುಗಿದರು. ನಾನೂ ಮುಗಿದೆ. ನಮ್ಮ ಕೆಮಿಸ್ಟ್ರಿ ವಿಭಾಗದಲ್ಲಿ ದೇವರ ಮೇಲೆ ಇರುವಷ್ಟು ನಂಬಿಕೆ ಕೆಮಿಸ್ಟ್ರಿಯ ಮೇಲೆ ಯಾರಿಗೂ ಇಲ್ಲ.

ಡಿಸೆಂಬರಿಗೆ ನನ್ನ ಪಿಎಚ್.ಡಿ. ನೋಂದಣಿಯ ಆಯುಷ್ಯ ಮುಗಿಯುತ್ತದೆ. ಅಷ್ಟರೊಳಗೆ ಲೇಖನ ಒಪ್ಪಿಗೆಯಾಗಬೇಕು, ಪ್ರಬಂಧ ಬೈಂಡ್ ಆಗಬೇಕು, ನಾನು ಡಾಕ್ಟರ್ ಕಾವ್ಯಶ್ರೀ ಆಗಬೇಕು. ಆದ ಮರುದಿನವೇ ಅಸಿಟೋನ್ ವಾಸನೆಯ ಈ ದುಪಟ್ಟಾ ಸುಟ್ಟು, ಯಾವುದಾದರೂ ಕಾಲೇಜಿನಲ್ಲಿ ಒಂದು ಕುರ್ಚಿ ಹಿಡಿದು ಕೂತುಬಿಡುತ್ತೇನೆ. ಮತ್ತೆ ಜನ್ಮದಲ್ಲಿ ಫ್ಲಾಸ್ಕು ಮುಟ್ಟಿದರೆ ಕೇಳಿ.

ಸಂಜೆ ಹೊಳಲ್ಕೆರೆಯಿಂದ ಅವ್ವನ ಫೋನು. “ಆರು ವರ್ಷದಿಂದ ಸಕ್ಕರೆ ಮೇಲೆ ಓದ್ತಾ ಇದೀಯ, ನನ್ನ ಸಕ್ಕರೆ ಇಳಿಸಾಕೆ ಒಂದು ಮಾತ್ರೆ ಮಾಡಾಕಾಗಲ್ವೇನೆ?”

ಅವ್ವನಿಗೆ ಮತ್ತೆ ವಿವರಿಸಿದೆ. ಗ್ಲೂಕೋಸ್ ಅಣುವಿಗೆ ಐದು ಕೈ. ಔಷಧಿ ತಯಾರಿಸುವವರಿಗೆ ಅದರಲ್ಲಿ ಒಂದೇ ಕೈ ಬೇಕು, ಮಿಕ್ಕವು ತೆಪ್ಪಗಿರಬೇಕು. ಅದಕ್ಕೆ ನಾವು ಅಸಿಟೋನ್ ಸೇರಿಸಿ ನಾಲ್ಕು ಕೈ ಕಟ್ಟಿ ಒಂದನ್ನು ಬಿಡುತ್ತೇವೆ. ಕಟ್ಟುವ ಕೆಲಸ ಆಗಬೇಕಾದರೆ ಆಸಿಡ್ ಬೇಕು. ಲೋಕವೆಲ್ಲ ಸಲ್ಫ್ಯೂರಿಕ್ ಆಸಿಡ್ ಸುರಿದು, ಆಮೇಲೆ ಅದನ್ನು ಹೊರಗೆ ಹಾಕಲು ಒದ್ದಾಡಿ, ಕೊನೆಗೆ ಚರಂಡಿಗೆ ಬಿಡುತ್ತದೆ. ನನ್ನದು ಘನ ಆಸಿಡ್. ತೆಂಗಿನ ಚಿಪ್ಪಿನ ಇದ್ದಿಲನ್ನು ಆಸಿಡ್ಡಿನಲ್ಲಿ ಕಾಯಿಸಿದರೆ ಆಸಿಡ್ಡಿನ ಗುಣ ಇದ್ದಿಲಿಗೇ ಅಂಟಿಕೊಳ್ಳುತ್ತದೆ. ಟೀ ಕಲಕುವ ಚಮಚದ ಹಾಗೆ: ಅದ್ದು, ಕಲಕು, ತೆಗೆ, ಮತ್ತೆ ಅದ್ದು. ನೂರಕ್ಕೆ ಎಂಬತ್ತೆಂಟು ಇಳುವರಿ.

“ಅಂದ್ರೆ ಮಾತ್ರೆ ಇಲ್ಲ” ಅಂದಳು ಅವ್ವ.

ಜೂನ್ 19

ಇವತ್ತೂ ಮಡಿ ಮೇಷ್ಟ್ರು ಸಿಂಕ್ ಬಿಟ್ಟುಕೊಡಲಿಲ್ಲ.

ಮಡಿ ಮೇಷ್ಟ್ರು ಎಂದರೆ ಜುಂಜೇಶ್. ಹೊಸದುರ್ಗದ ಹತ್ತಿರದ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಸಂಶೋಧನೆಯ ತೆವಲು ಹತ್ತಿ, ಅಧ್ಯಯನ ರಜೆ ಹಾಕಿ ಬಂದಿದ್ದಾರೆ. ವಯಸ್ಸಿನಲ್ಲಿ ನನಗಿಂತ ಹದಿನಾಲ್ಕು ವರ್ಷ ಹಿರಿಯರು, ಲ್ಯಾಬಿನಲ್ಲಿ ನನ್ನ ಜೂನಿಯರ್. ಚಿಪ್ಪಿನ ಚೀಲ ಹೊಸದುರ್ಗದಿಂದ ಬಸ್ಸಿನಲ್ಲಿ ಹೊತ್ತು ತರುವುದು ಅವರೇ. ಅದೊಂದೇ ಉಪಯೋಗ.

ಅವರು ನನ್ನ ವಿಧಾನದಲ್ಲೇ ಆಸಿಡ್ ಇದ್ದಿಲಿನ ಕರೀ ಪುಡಿ ಮಾಡುತ್ತಾರೆ, ಆಮೇಲೆ ಅದನ್ನು ತೊಳೆಯಲು ನಿಲ್ಲುತ್ತಾರೆ. ಬಿಸಿ ನೀರು ಹಾಕಿ ಸೋಸುವುದು, ಮತ್ತೆ ಹಾಕುವುದು, ಮತ್ತೆ ಸೋಸುವುದು. ಬೆಳಿಗ್ಗೆ ಶುರುವಾದದ್ದು ಸಂಜೆಯ ಬಸ್ಸಿನ ಹೊತ್ತಿಗೂ ಮುಗಿಯುವುದಿಲ್ಲ. ನಮ್ಮ ನೀರು ಬಟ್ಟಿ ಇಳಿಸುವ ಯಂತ್ರದ ಕಾಯಿಲ್ ಸುಟ್ಟು ಎರಡು ವರ್ಷವಾಯಿತು. ಶುದ್ಧ ನೀರಿನ ಕ್ಯಾನಿಗೆ ಅಟೆಂಡರ್ ಕಾಟಯ್ಯ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ. ನಾನು ಮೂರು ಸಲ ತೊಳೆದು ಒಲೆಗಿಡುವವಳು. ಇದ್ದಿಲು ತೊಳೆದರೆ ಬೆಳ್ಳಗಾಗುತ್ತದೆಯೇ?

ಹಾಗೆಂದು ಅವರಿಗೂ ಹೇಳಿದೆ. “ಸರ್, ಇದು ಅಭಿಷೇಕ ಅಲ್ಲ.”

“ಆಸಿಡ್ ಪೂರಾ ಹೋಗತನಕ ತೊಳೀಬೇಕು ಅಂತ ಪುಸ್ತಕದಾಗೆ ಐತಲ್ರೀ” ಎಂದು ನಕ್ಕರು. ಎಲ್ಲದಕ್ಕೂ ನಗುತ್ತಾರೆ.

ಜುಲೈ 4

ಗುಂಪಿನ ಸಭೆ. ಮಾರುತೇಶ್ ಸರ್‌ಗೆ ಪ್ರೊಫೆಸರ್ ಬಡ್ತಿಯ ಸಂದರ್ಶನ ಹತ್ತಿರ ಬಂದಿದೆ, ಹಾಗಾಗಿ ಕೂದಲಿಗೂ ಬಣ್ಣ ಬಂದಿದೆ.

“ಜುಂಜೇಶ್, ಈ ತಿಂಗಳು ಇಳುವರಿ ಎಷ್ಟು?”

“ಮೂವತ್ತೆಂಟು, ಆಮೇಲೆ ನಲವತ್ತು, ಈ ಸಲ ನಲವತ್ತೊಂದು ಸರ್. ಏರ್ತಾ ಐತೆ.”

“ಈ ಲೆಕ್ಕದಾಗೆ ಏರಿದ್ರೆ ಕಾವ್ಯಶ್ರೀದು ಎಂಬತ್ತೆಂಟು ಮುಟ್ಟೋ ಹೊತ್ತಿಗೆ ನಿಮಗೆ ಪೆನ್ಶನ್ ಬರ್ತದೆ. ಬೇಸಿಕಲಿ ಇದು ಕೈಗುಣ ಕಣ್ರೀ. ಅದೇ ಚಿಪ್ಪು, ಅದೇ ಆಸಿಡ್ಡು, ಅದೇ ಗ್ಲೂಕೋಸು. ಕೈ ಬೇರೆ.”

ಎಲ್ಲರೂ ನಕ್ಕರು. ಮಡಿ ಮೇಷ್ಟ್ರೂ ನಕ್ಕು, ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ಜುಲೈ 22

ಮಡಿ ಮೇಷ್ಟ್ರ ರಜೆ ನವೆಂಬರ್ ಕೊನೆಗೆ ಮುಗಿಯುತ್ತದಂತೆ. ಅಷ್ಟರಲ್ಲಿ ಒಂದು ಅಧ್ಯಾಯವಾದರೂ ಆಗದಿದ್ದರೆ ನೋಂದಣಿ ರದ್ದು. “ಶಾಲೆಯಾಗೆ ಮುಖ ತೋರ್ಸೋದು ಹೆಂಗೆ ಅಂತ ಯೋಚ್ನೆ” ಎಂದು ಕಾಟಯ್ಯನ ಹತ್ತಿರ ಹೇಳುತ್ತಿದ್ದರು. ನಾನು ಬಾಗಿಲ ಹೊರಗಿದ್ದೆ.

ಧರ್ಮಕ್ಕೆ ನನ್ನ ಡಬ್ಬಿಯಿಂದಲೇ ಒಂದು ಬಾಟಲಿ ಪುಡಿ ಕೊಟ್ಟೆ. “ತೊಳೀಬ್ಯಾಡ್ರಿ ಮತ್ತೆ. ಹಂಗೇ ಹಾಕ್ರಿ.” ಎರಡೂ ಕೈಯಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ ತೆಗೆದುಕೊಂಡರು.

ನಾನು ಒಳ್ಳೆಯವಳೂ ಹೌದು ಎಂದು ಇಲ್ಲಿ ಬರೆದಿಡುತ್ತೇನೆ. ಬೇರೆ ಯಾರೂ ಬರೆಯುವುದಿಲ್ಲ.

ಜುಲೈ 26

ಎಂಬತ್ತೈದು!

ಮಡಿ ಮೇಷ್ಟ್ರು ತಕ್ಕಡಿಯ ಮುಂದೆ ನಿಂತು ತೂಕ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬಿಳೀ ಸೂಜಿಗಳಂಥ ಹರಳು, ಬಟ್ಟಲು ತುಂಬ. ಹೆಂಡತಿಗೆ ಫೋನ್ ಮಾಡಿ “ಅನುಸೂಯಾ, ಬಂತು ಕಣೇ, ಬಂತು” ಎಂದು ಕೂಗಿದ್ದು ಫಿಸಿಕ್ಸ್ ವಿಭಾಗದವರಿಗೂ ಕೇಳಿ, ಯಾರಿಗೋ ಹೆರಿಗೆಯಾಯಿತೆಂದು ಅವರು ವಿಚಾರಿಸಲು ಬಂದರು. ಮಧ್ಯಾಹ್ನ ಇಡೀ ವಿಭಾಗಕ್ಕೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

“ನಿಮ್ಮ ಉಪ್ಕಾರ ಮರೆಯಾಕಿಲ್ಲ ಕಣ್ರೀ” ಎಂದು ನನ್ನ ಕಡೆ ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಬಜ್ಜಿಯ ಖಾರಕ್ಕೆ ಇರಬಹುದು.

ಆಗಸ್ಟ್ 20

ಪತ್ರಿಕೆಯಿಂದ ಉತ್ತರ. ಪರಿಶೀಲಕರು ಇಬ್ಬರು. ಮೊದಲನೆಯವನಿಗೆ ನನ್ನ ವ್ಯಾಕರಣ ಇಷ್ಟವಿಲ್ಲ. ಎರಡನೆಯವನಿಗೆ ನಾನೇ ಇಷ್ಟವಿಲ್ಲ.

ಎರಡನೆಯವನ ಪ್ರಶ್ನೆ: “ಪುಡಿಯನ್ನು ಮತ್ತೆ ಮತ್ತೆ ಬಳಸಿದಂತೆ ಇಳುವರಿ ಎಂಬತ್ತೆಂಟರಿಂದ ನಲವತ್ತರ ಹತ್ತಿರಕ್ಕೆ ಕುಸಿಯುತ್ತದೆ. ರಂಧ್ರಗಳು ಮುಚ್ಚಿಕೊಂಡವು ಎನ್ನುತ್ತೀರಿ. ಆಸಿಡ್ ಸೋರಿ ಹೋಗುತ್ತಿಲ್ಲ ಎನ್ನಲು ಆಧಾರವೇನು? ಬಿಸಿ ಸೋಸುವಿಕೆಯ ಪರೀಕ್ಷೆ ಮಾಡಿ ತೋರಿಸಿ.”

ಪರೀಕ್ಷೆ ಸರಳ. ಕ್ರಿಯೆ ಅರ್ಧ ನಡೆದಾಗ ಬಿಸಿಬಿಸಿಯಾಗಿಯೇ ಸೋಸಿ ಪುಡಿಯನ್ನು ಹೊರಗೆ ತೆಗೆಯಬೇಕು. ಉಳಿದ ತಿಳಿಯನ್ನು ಮಾತ್ರ ಮತ್ತೆ ಕಾಯಿಸಬೇಕು. ಕ್ರಿಯೆ ಅಲ್ಲಿಗೇ ನಿಂತರೆ ಕೆಲಸ ಮಾಡಿದ್ದು ಪುಡಿ. ಪುಡಿ ಇಲ್ಲದೆಯೂ ಮುಂದುವರಿದರೆ, ಆಸಿಡ್ ಪುಡಿಯಿಂದ ಸೋರಿ ತಿಳಿಯಲ್ಲಿ ಸೇರಿಕೊಂಡಿದೆ ಎಂದರ್ಥ. ಚಮಚ ತೆಗೆದ ಮೇಲೂ ಟೀ ತಾನೇ ಕಲಕಿಕೊಳ್ಳುತ್ತಿದ್ದರೆ ಅದು ಚಮಚದ ಮಹಿಮೆಯಲ್ಲ.

ಅವನ ಮನೆ ಹಾಳಾಗ. ಇನ್ನೊಂದು ವಾರದ ಕೆಲಸ ತಂದಿಟ್ಟ.

ಆಗಸ್ಟ್ 23

“ಬೇಸಿಕಲಿ ಆ ಟೆಸ್ಟ್ ಬೇಕೇಬೇಕಾ?” ಎಂದರು ಮಾರುತೇಶ್ ಸರ್. “‘ಅಮೂಲ್ಯ ಸಲಹೆಗೆ ಧನ್ಯವಾದ, ಮುಂದಿನ ಅಧ್ಯಯನದಲ್ಲಿ ಕೈಗೊಳ್ಳಲಾಗುವುದು’ ಅಂತ ಬರಿ.”

ನನಗೂ ಅದೇ ಸರಿ ಎನಿಸಿತ್ತು. ಆದರೆ ಆ ಎರಡನೆಯವನ ಮುಖಕ್ಕೆ ಹೊಡೆದಂತೆ ಫಲಿತಾಂಶ ಎಸೆಯಬೇಕೆಂಬ ಹಠವೂ ಬಂತು. ಮಾಡಿಯೇ ಬಿಡುತ್ತೇನೆ.

ಆಗಸ್ಟ್ 28

ಸೋಸುವ ಕಾಗದ ತೂತಾಗಿರಬೇಕು. ಪುಡಿ ತೆಗೆದ ಮೇಲೂ ಕ್ರಿಯೆ ನಡೆಯಿತು.

ಆಗಸ್ಟ್ 29

ಎರಡು ಪದರ ಕಾಗದ. ತಿಳಿ ಕನ್ನಡಿಯ ಹಾಗಿತ್ತು, ಇದ್ದಿಲಿನ ಒಂದು ಕಣವೂ ಇಲ್ಲ. ಕಾಯಿಸಿದೆ. ಕ್ರಿಯೆ ಪೂರ್ತಿಯಾಯಿತು. ಎಂಬತ್ತಾರು.

ಆಗಸ್ಟ್ 30

ನನ್ನ ಡಬ್ಬಿಯ ಪುಡಿಗೆ ಬಿಸಿನೀರು ಹಾಕಿ, ಸೋಸಿದ ನೀರಿಗೆ ಬೇರಿಯಂ ಕ್ಲೋರೈಡ್ ಒಂದು ಹನಿ ಬಿಟ್ಟೆ. ಆಸಿಡ್ ಇದ್ದರೆ ನೀರು ಮಸುಕಾಗಬೇಕು. ಮಸುಕೇನು, ಹಾಲಾಯಿತು. ಹಾಲು ಹಾಕುವವನು ಇಷ್ಟು ಗಟ್ಟಿ ಹಾಲು ನಮಗೆ ಯಾವತ್ತೂ ಕೊಟ್ಟಿಲ್ಲ.

ಮಡಿ ಮೇಷ್ಟ್ರು ಊಟಕ್ಕೆ ಹೋಗಿದ್ದರು. ಅವರ ಹಳೆಯ ಪುಡಿಯ ಬಾಟಲಿ ಶೆಲ್ಫಿನಲ್ಲೇ ಇತ್ತು, ಮೇಲೆ ದುಂಡಗಿನ ಅಕ್ಷರದಲ್ಲಿ ‘ತೊಳೆದದ್ದು’ ಎಂದು ಚೀಟಿ. ಅದಕ್ಕೂ ನೀರು ಹಾಕಿ, ಸೋಸಿ, ಒಂದು ಹನಿ ಬಿಟ್ಟೆ.

ಏನೂ ಆಗಲಿಲ್ಲ. ನೀರು ನೀರಾಗಿಯೇ ಇತ್ತು.

ಸೆಪ್ಟೆಂಬರ್ 2

ಲ್ಯಾಬಿಗೆ ಹೋಗಲಿಲ್ಲ. ತಲೆನೋವು ಎಂದೆ.

ಸೆಪ್ಟೆಂಬರ್ 3

ತಲೆ ನಿಜವಾಗಿಯೂ ನೋಯುತ್ತಿದೆ. ಒಂದಾದರೂ ನಿಜ.

ಸೆಪ್ಟೆಂಬರ್ 7. ಹೊಳಲ್ಕೆರೆ

ಗಣೇಶನ ಹಬ್ಬಕ್ಕೆ ಮನೆಗೆ ಬಂದೆ. ಅವ್ವ ಕಡುಬು ಬಡಿಸಿದಳು, ತಿನ್ನಲಾಗಲಿಲ್ಲ. “ಏನಾತೇ?” ಎಂದಳು. ಏನಿಲ್ಲ ಎಂದೆ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಲೇಖನ ಒಪ್ಪಿಗೆಯಾಗುತ್ತದೆ, ನಾನು ಡಾಕ್ಟರ್ ಆಗುತ್ತೇನೆ, ಮಡಿ ಮೇಷ್ಟ್ರ ಅಧ್ಯಾಯವೂ ಆಗುತ್ತದೆ. ಎಲ್ಲರಿಗೂ ಸುಖ. ದುಃಖ ಯಾರಿಗೆ? ಇದ್ದಿಲಿಗಾ?

ಮಧ್ಯಾಹ್ನ ಅವ್ವ ಹಜಾರದಲ್ಲಿ ಕೂತು ಸಕ್ಕರೆ ನೋಡುವ ಯಂತ್ರಕ್ಕೆ ಬೆರಳು ಚುಚ್ಚಿಕೊಂಡಳು. ಮುನ್ನೂರ ನಲವತ್ತು! “ಅಯ್ಯಯ್ಯೋ, ನಾನು ಹೋದೆ ಕಣೇ” ಎಂದು ಗೋಡೆಗೆ ಒರಗಿದಳು. ಆಸ್ಪತ್ರೆಗೆ ಹೊರಡಲು ಆಟೋಗೆ ಫೋನ್ ಮಾಡುತ್ತಾ ಅವಳ ಕೈ ಹಿಡಿದೆ. ಅಂಟು ಅಂಟು. ಪಕ್ಕದಲ್ಲಿ ತಟ್ಟೆ ತುಂಬ ಸೀತಾಫಲದ ಬೀಜ.

“ಹಣ್ಣು ತಿಂದಿದ್ದೇನವ್ವಾ?”

“ಇಲ್ಲ, ನಿನಗೆ ಅಂತ ಬಿಡಿಸಿದ್ದು ಕಣೇ. ನಾನು ಒಂದೇ ತೊಳೆ.”

ಕೈಗೆ ಸೋಪು ಹಾಕಿ ತೊಳೆಸಿ, ಒರೆಸಿ, ಇನ್ನೊಂದು ಬೆರಳಿಗೆ ಚುಚ್ಚಿದೆ. ನೂರ ಅರವತ್ತೆಂಟು. ರಕ್ತದ ಸಕ್ಕರೆಯಲ್ಲ, ಬೆರಳಿನ ಮೇಲಿದ್ದ ಹಣ್ಣಿನ ಸಕ್ಕರೆ ಅದು.

“ತೊಳ್ಕಂಡು ನೋಡ್ಬಾರ್ದಾ? ಇಷ್ಟು ವಯಸ್ಸಾಗೈತೆ, ಅಷ್ಟೂ ಗೊತ್ತಾಗಲ್ವಾ?” ಎಂದು ಬೀದಿಗೆ ಕೇಳುವಂತೆ ರೇಗಿದೆ.

ಅವ್ವ ಮಿಕಮಿಕ ನೋಡಿದಳು. ಆಮೇಲೆ ನಾನು ಆ ತಟ್ಟೆಯನ್ನು ಮೂರು ಸಲ ತೊಳೆದೆ, ಮತ್ತೆ ತೊಳೆದೆ.

ಸೆಪ್ಟೆಂಬರ್ 11. ಚಿತ್ರದುರ್ಗ

ಮಾರುತೇಶ್ ಸರ್‌ಗೆ ಹೇಳಿದೆ. ತಿಳಿಯ ಫಲಿತಾಂಶ, ಹಾಲಾದ ನೀರು, ಎರಡನ್ನೂ ಮುಂದಿಟ್ಟೆ. ಬಾಗಿಲು ಹಾಕಿ ಬಂದು ಕೂತರು.

“ಬೇಸಿಕಲಿ, ಇದನ್ನ ಯಾರು ನೋಡಿದ್ರು?”

“ನಾನು ನೋಡ್ದೆ ಸರ್.”

“ನಿನ್ನ ಬಿಟ್ಟು?”

“ಯಾರೂ ಇಲ್ಲ.”

“ಹಂಗಾದ್ರೆ ಯಾರೂ ನೋಡಿಲ್ಲ.”

ನಾನು ಯಾರೂ ಅಲ್ಲ ಎಂಬುದು ಆರು ವರ್ಷದಿಂದ ಅಂದಾಜಿತ್ತು, ಇವತ್ತು ಅಧಿಕೃತವಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಕಿಟಕಿಯಿಂದಾಚೆ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತಾ, “ಸಂದರ್ಶನ ಮುಂದಿನ ತಿಂಗಳು ಕಣಮ್ಮ” ಎಂದರು. ಬಣ್ಣದ ಕೂದಲಿನ ಕೆಳಗೆ ಅವರ ಮುಖ ಒಮ್ಮೆಗೇ ಮುದಿಯಾಗಿ ಕಂಡಿತು. ಪಾಪ ಎನಿಸಿತು. ಆದರೂ ಲೇಖನ ವಾಪಸ್ ಪಡೆಯಿರಿ ಎಂದೆ. ನನ್ನ ಬಾಯಿಂದಲೇ ಬಂತೇ ಎಂದು ನನಗೂ ಅನುಮಾನ.

“ಹೊರಗೆ ನಡಿ” ಎಂದರು.

ಸೆಪ್ಟೆಂಬರ್ 12

ಮಡಿ ಮೇಷ್ಟ್ರು ಸಿಂಕಿನ ಮುಂದೆ ನನ್ನ ಪುಡಿಯ ಖಾಲಿ ಬಾಟಲಿ ತೊಳೆಯುತ್ತಿದ್ದರು. ಹೇಳಿಬಿಟ್ಟೆ.

“ಹಂಗಾದ್ರೆ ನೀವು ಕೊಟ್ಟ ಪುಡಿ…”

“ಅದರಾಗೆ ಬಿಡಿ ಆಸಿಡ್ ಉಳ್ಕಂಡಿತ್ತು ಸರ್. ಕೆಲ್ಸ ಮಾಡಿದ್ದು ಪುಡಿ ಅಲ್ಲ, ಸೋರಿದ ಆಸಿಡ್ಡು. ನಾನು ಸರಿಯಾಗಿ ತೊಳೆದಿರಲಿಲ್ಲ.”

“ನನ್ನ ಎಂಬತ್ತೈದು?”

“ಅದೂ ಆಸಿಡ್ಡಿಂದೇ.”

“ಮತ್ತೆ ನನ್ನ ನಲವತ್ತೊಂದು?”

“ಅದು ಪುಡೀದು. ಅದೇ ನಿಜವಾದ್ದು.”

ಅವರು ನಲ್ಲಿ ನಿಲ್ಲಿಸಿದರು. ಈ ಸಲ ನಗಲಿಲ್ಲ.

“ಮನೇಲಿ ಹಬ್ಬ ಮಾಡಿದ್ವಿ ಕಣ್ರೀ. ಹೆಡ್‌ಮೇಷ್ಟ್ರಿಗೂ ಫೋನ್ ಮಾಡಿ ಹೇಳಿದೀನಿ.” ಬಾಟಲಿಯನ್ನು ಬೋರಲಿಟ್ಟು, “ಒಂದೂವರೆ ವರ್ಷ ಎಲ್ಲಾರ ಮುಂದೆ ಕೈ ಸರಿ ಇಲ್ಲ ಅನ್ನಿಸ್ಕಂಡೆ. ನೀವೆಲ್ಲ ನಗ್ತಿದ್ರಿ. ನಾನೂ ನಗ್ತಿದ್ದೆ. ನಗದೆ ನಿಂತ್ರೆ ಇನ್ನೂ ಕೆಟ್ಟದಾಗಿರ್ತದೆ ಅಂತ.”

ಕೈ ಒರೆಸಿಕೊಂಡು, ಚೀಲ ಹಾಕಿಕೊಂಡು ಹೋದರು. ಕ್ಷಮಿಸಿ ಎನ್ನಬೇಕೆಂದು ನನಗೆ ಹೊಳೆದದ್ದು ಅವರ ಬಸ್ಸು ಹೋದ ಮೇಲೆ.

ಸೆಪ್ಟೆಂಬರ್ 20

ಅವರು ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಸಿಂಕ್ ಖಾಲಿ ಇದೆ. ಎಷ್ಟು ಬೇಕಾದರೂ ಬಳಸಿಕೋ ಎಂಬಂತೆ ಖಾಲಿ ಇದೆ.

“ಏನಂದ್ರವ್ವಾ ನಮ್ಮ ಮೇಷ್ಟ್ರಿಗೆ?” ಎಂದು ಕಾಟಯ್ಯ ಕೇಳಿದ. ಇಷ್ಟು ದಿನ ನನ್ನನ್ನು ಮೇಡಂ ಎನ್ನುತ್ತಿದ್ದ.

ಸೆಪ್ಟೆಂಬರ್ 22

ಹೊಸದುರ್ಗದ ಬಸ್ ಹತ್ತಿದೆ. ಅಲ್ಲಿಂದ ಅವರ ಹಳ್ಳಿಗೆ ಆಟೋ. ಆಟೋದವನಿಗೆ ‘ಜುಂಜೇಶ್ ಮೇಷ್ಟ್ರು ಮನೆ’ ಎಂದದ್ದೇ, ದಾರಿಯುದ್ದಕ್ಕೂ ತನಗೆ ಅವರು ಹತ್ತನೇ ಕ್ಲಾಸಿನಲ್ಲಿ ಸಾಬೂನು ಮಾಡುವುದನ್ನು ಕಲಿಸಿದ ಕಥೆ.

ಅಂಗಳದಲ್ಲಿ ಒಬ್ಬ ಹೆಂಗಸು ಜೋಳ ಕೇರುತ್ತಿದ್ದರು. ನಾನು ಹೆಸರು ಹೇಳಿದೆ.

“ಓ! ಎಂಬತ್ತೆಂಟು ನೀವೇನಾ?” ಎಂದರು.

ಅನುಸೂಯಕ್ಕ. ಮೇಲಿಂದ ಕೆಳಗಿನ ತನಕ ನನ್ನನ್ನು ಅಳೆದು, “ಕಾಣಾಕೆ ಅಷ್ಟು ಇಲ್ಲ ಬಿಡ್ರಿ” ಎಂದು ಮೊರ ಕೆಳಗಿಟ್ಟು, ಮನೆ ಹಿಂದಿನ ಕುರಿ ರೊಪ್ಪದ ಕಡೆ ಕೈ ತೋರಿಸಿದರು.

ಮೇಷ್ಟ್ರು ತಮ್ಮನ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದರು. ಪಂಚೆ ಎತ್ತಿ ಕಟ್ಟಿ, ಒಂದು ಟಗರನ್ನು ಮೊಣಕಾಲಲ್ಲಿ ಒತ್ತಿಹಿಡಿದು. ನನ್ನನ್ನು ನೋಡಿದರು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

“ಸರ್, ನನ್ನಿಂದ ತಪ್ಪಾತು. ನಾನು…”

“ಮೊದ್ಲು ಕಾಲು ಹಿಡೀರಿ” ಎಂದರು.

ಇಷ್ಟು ಕೋಪವೇ ಎಂದುಕೊಂಡೆ. ಆದರೆ ನ್ಯಾಯವೇ ಎನಿಸಿತು. ಬಗ್ಗಿ ಅವರ ಪಾದಕ್ಕೆ ಕೈ ಹಾಕಿದೆ.

“ಅಯ್ಯೋ, ನಂದಲ್ಲ ಕಣ್ರೀ, ಕುರೀದು! ಕುರೀದು! ಹಗ್ಗ ಬಿಚ್ಕಂಡೈತೆ!”

ಅಷ್ಟರಲ್ಲಿ ಟಗರು ಬಿಡಿಗಾಲಿನಿಂದ ನನ್ನ ಎದೆಗೆ ಒದ್ದಿತು. ಗೊಬ್ಬರದಲ್ಲಿ ಕೂತೆ. ಬೇಲಿಯಾಚೆ ಅನುಸೂಯಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮೇಷ್ಟ್ರ ಭುಜವೂ ಕುಲುಕುತ್ತಿತ್ತು. ನಾನೂ ನಕ್ಕೆ, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಆ ಸದ್ದಿನ ಮಧ್ಯೆಯೇ “ಕ್ಷಮಿಸ್ರಿ ಸರ್” ಎಂದೆ. ಅವರು ಕತ್ತರಿ ನಿಲ್ಲಿಸಿ ಕೇಳಿಸಿಕೊಂಡರು.

ಆಮೇಲೆ ಟಗರಿನ ಕಾಲು ನಾನೇ ಹಿಡಿದೆ, ಅವರು ಕತ್ತರಿಸಿದರು. “ಸಿಟ್ಟು ಹೋಗಿಲ್ಲ ಕಣ್ರೀ” ಎಂದರು, ಕತ್ತರಿಯಿಂದ ಕಣ್ಣೆತ್ತದೆ. “ಇನ್ನೂ ಸ್ವಲ್ಪ ದಿನ ಇರ್ತದೆ. ಆದ್ರೆ ನಲವತ್ತೊಂದು ನಿಜ ಅಂದ್ರಲ್ಲ. ಎಷ್ಟು ಸಲ ಬಳಸಿದ್ರೂ ಅಷ್ಟೇ ಬರ್ತದಾ?”

“ಗೊತ್ತಿಲ್ಲ ಸರ್. ಯಾರೂ ನೋಡಿಲ್ಲ.”

“ನೋಡಾಣ” ಎಂದರು ಜುಂಜೇಶ್ ಸರ್.

ಊಟಕ್ಕೆ ಕೂರಿಸಿದರು. ಮುದ್ದೆ, ಹುರುಳಿಕಾಳು ಸಾರು. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಎದೆ ಮೇಲೆ ಗೊರಸಿನ ಗುರುತು ನೀಲಿಗಟ್ಟಿದೆ.

ಅಕ್ಟೋಬರ್ 1

ಹೊಸ ಪುಡಿ ಮಾಡಿದೆವು. ತೊಳೆಯುವ ಪಾಳಿ ನನ್ನದು. ಬಿಸಿ ನೀರು ಹಾಕು, ಸೋಸು, ಹನಿ ಬಿಡು, ಮಸುಕು. ಮತ್ತೆ ಹಾಕು. ಕಾಟಯ್ಯ ಬೀಗ ತೆಗೆದು ಕ್ಯಾನನ್ನೇ ತಂದು ಪಕ್ಕಕ್ಕಿಟ್ಟು, “ಮದುವೆ ಮನೆ ಹಂಡೇನೂ ಇಷ್ಟು ತೊಳೆಯಲ್ಲ ಬಿಡವ್ವಾ” ಎಂದ. ನೀರು ಮುಗಿದಾಗ ಜುಂಜೇಶ್ ಸರ್ ಪೇಟೆಯಿಂದ ಬ್ಯಾಟರಿ ನೀರಿನ ಕ್ಯಾನ್ ಹೊತ್ತು ತಂದರು.

ಸಂಜೆಯ ಹೊತ್ತಿಗೆ ಹನಿ ಬಿಟ್ಟರೆ ನೀರು ಮಸುಕಾಗಲಿಲ್ಲ. ಇಬ್ಬರೂ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಏನೂ ಕಾಣದಿರುವುದನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಅಕ್ಟೋಬರ್ 4

ಬಿಸಿ ಸೋಸುವಿಕೆ. ಪುಡಿ ತೆಗೆದೆ, ತಿಳಿಯನ್ನು ಕಾಯಿಸಿದೆ. ಕ್ರಿಯೆ ನಿಂತಿತು! ಗಕ್ಕನೆ, ಬ್ರೇಕ್ ಹಾಕಿದ ಹಾಗೆ. ಇಂಥ ನಿಂತ ಕ್ರಿಯೆಗೆ ನಾವಿಬ್ಬರೂ ಕುಣಿದದ್ದನ್ನು ನೋಡಿ ಫಿಸಿಕ್ಸ್‌ನವರು ಮತ್ತೆ ಬಂದರು.

ಅಕ್ಟೋಬರ್ 23

ಮೊದಲ ಸಲ ನಲವತ್ತೊಂದು. ಅದೇ ಪುಡಿ ಸೋಸಿ ಒಣಗಿಸಿ ಎರಡನೇ ಸಲ, ನಲವತ್ತೊಂದು. ಮೂರನೇ ಸಲ ನಲವತ್ತು, ತಕ್ಕಡಿ ಸೀನಿದ್ದಿರಬೇಕು. ನಾಲ್ಕನೇ ಸಲ ಮತ್ತೆ ನಲವತ್ತೊಂದು.

ಐದನೆಯದು ಒಲೆಯ ಮೇಲಿದೆ. ಇವತ್ತು ಊಟಕ್ಕೆ ಹೋಗಲು ಮರೆತಿದ್ದೆ. ಜುಂಜೇಶ್ ಸರ್ ತಮ್ಮ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದು ಕೊಟ್ಟರು.

ನವೆಂಬರ್ 6

ಮಾರುತೇಶ್ ಸರ್ ಸುಮಾರು ಎರಡು ತಿಂಗಳ ನಂತರ ಮಾತಾಡಿದರು. ಸಂದರ್ಶನವೇ ಮುಂದಕ್ಕೆ ಹೋಗಿದೆಯಂತೆ. ನಾವಿಬ್ಬರೂ ಹೋಗಿ ಕಾಗದ ಮುಂದಿಟ್ಟೆವು. ಐದು ಸಲದ ಸಂಖ್ಯೆಗಳನ್ನು ಬೆರಳಿಟ್ಟು ಓದಿದರು. ಮತ್ತೆ ಓದಿದರು. ಗೈಡಿನ ಕಣ್ಣಿನಲ್ಲಿ ಯಾವಾಗ ಲೇಖನದ ಹೊಳಪು ಬರುತ್ತದೆಂದು ಆರು ವರ್ಷದಲ್ಲಿ ಕಲಿತಿದ್ದೇನೆ.

“ಬೇಸಿಕಲಿ, ಇದು ಬೀಳ್ತಾನೇ ಇಲ್ಲ.”

“ಇಲ್ಲ ಸರ್.”

“ಸರಿಯಾಗಿ ತೊಳೀದಿದ್ರೆ ಎಲ್ಲಾರೂ ಇದೇ ತಪ್ಪು ಮಾಡ್ತಾರೆ ಅನ್ನೋದೇ ಒಂದು ಪೇಪರ್. ತೊಳೆದದ್ದು ಹೆಂಗೆ ನಡೀತದೆ ಅನ್ನೋದು ಇನ್ನೊಂದು. ಒಂದು ಹೋದ್ರೆ ಎರಡು ಬರ್ತವೆ!”

ಅಲ್ಲೇ ಹಳೆಯ ಲೇಖನ ವಾಪಸ್ ಪಡೆಯುವ ಪತ್ರ ಬರೆಸಿದರು. ಸತ್ಯಕ್ಕೆ ಜಯವಾಗಲು ಅದರೊಳಗೂ ಎರಡು ಪೇಪರ್ ಇರಬೇಕು ಎಂದು ತಿಳಿದುಕೊಂಡೆ. ಮೊದಲನೆಯದರಲ್ಲಿ ಮೊದಲ ಹೆಸರು ಜುಂಜೇಶ್ ಸರ್‌ದು ಎಂದೆ. ಮಾರುತೇಶ್ ಸರ್ ಹುಬ್ಬೇರಿಸಿದರು. ಆಯ್ತು ಎಂದರು.

ಹೊರಗೆ ಬಂದ ಮೇಲೆ ಜುಂಜೇಶ್ ಸರ್ ಟೀ ಕುಡಿಸಿದರು.

ಡಿಸೆಂಬರ್ 2

ಅವರ ರಜೆ ಮುಗಿಯಿತು, ಶಾಲೆಗೆ ಹೋದರು. ನೋಂದಣಿ ಉಳಿಯಿತು. ಇನ್ನು ಭಾನುವಾರಗಳಲ್ಲಿ ಬರುತ್ತಾರೆ. ಲ್ಯಾಬಿನಲ್ಲಿ ಇವತ್ತು ನೀರಿನ ಸದ್ದು ನನ್ನದೊಂದೇ.

ಡಿಸೆಂಬರ್ 12

ಪ್ರಬಂಧ ಸಲ್ಲಿಸುವ ಮುಂಚಿನ ಸೆಮಿನಾರ್ ಮುಗಿಯಿತು. ಹೊರಗಿನ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು ಡಾ. ಜಯಶೀಲಾ, ಚಿಕ್ಕ ಕನ್ನಡಕದ ಗಡುಸು ಹೆಂಗಸು. ಕೊನೆಯ ತನಕ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿದರು.

“ನಲವತ್ತೊಂದು. ಇದನ್ನ ಯಾರು ಬಳಸ್ತಾರಮ್ಮಾ?”

“ಸದ್ಯಕ್ಕೆ ಯಾರೂ ಬಳಸಲ್ಲ ಮೇಡಂ.”

ಸಭೆಯಲ್ಲಿ ನಗು.

“ಎಂಬತ್ತೆಂಟು ಇತ್ತಲ್ಲ, ಅದನ್ಯಾಕೆ ಬಿಟ್ಟೆ?”

“ಅದು ಈ ಪುಡೀದಲ್ಲ ಮೇಡಂ. ಅದರಾಗೆ ಉಳಿದಿದ್ದ ಆಸಿಡ್ಡಿಂದು. ಬಳಸಿದಷ್ಟೂ ಸೋರಿ ಹೋಗ್ತಿತ್ತು.”

“ಕಂಡುಹಿಡಿದವರು ಯಾರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಮಾರುತೇಶ್ ಸರ್ ಎದ್ದು ನಿಂತು, “ಬೇಸಿಕಲಿ, ನಮ್ಮ ಗುಂಪು ಮೇಡಂ” ಎಂದು ಎದೆಯುಬ್ಬಿಸಿದರು. ‘ಯಾರೂ ನೋಡಿಲ್ಲ’ ಎಂದ ಬಾಯಿ ಇದೇ. ಸಿಟ್ಟು ಬರಬೇಕಿತ್ತು, ನಗು ಬಂತು.

“ತೊಳೆಯೋ ಕ್ರಮ ಇವರದು ಮೇಡಂ” ಎಂದು ನಾನು ಹಿಂದಿನ ಸಾಲಿಗೆ ಕೈ ತೋರಿಸಿದೆ. ಅರ್ಧ ದಿನ ರಜೆ ಹಾಕಿ ಬಂದು ಮೂಲೆಯಲ್ಲಿ ಕೂತಿದ್ದ ಜುಂಜೇಶ್ ಸರ್ ಹಾಜರಿ ಕರೆದಂತೆ ಎದ್ದು ನಿಂತರು. ಜಯಶೀಲಾ ಮೇಡಂ ಅವರನ್ನು ಒಂದು ಕ್ಷಣ ನೋಡಿ, “ನನ್ನ ವಿದ್ಯಾರ್ಥಿಗಳೂ ಮೂರು ಸಲ ತೊಳೆದು ಒಲೆಗಿಡ್ತಾರೆ. ನಾಳೆ ಹೋಗಿ ನೋಡ್ಬೇಕು” ಎಂದರು. ಅವರ ದನಿಯಲ್ಲಿ ಸ್ವಲ್ಪ ಭಯವಿತ್ತು.

ಪ್ರಬಂಧ ಸಲ್ಲಿಸಬಹುದು ಎಂದು ಬರೆದು ಸಹಿ ಹಾಕಿದರು.

ಡಿಸೆಂಬರ್ 22

ಬೈಂಡ್ ಆದ ಪ್ರಬಂಧ ಶುಕ್ರವಾರವೇ ಕೊಟ್ಟಾಯಿತು. ಇವತ್ತು ಭಾನುವಾರ. ಲ್ಯಾಬಿಗೆ ಬೀಗ ಹಾಕಿತ್ತು. ಕಾಟಯ್ಯನ ಮನೆಗೇ ಹೋಗಿ ಕೀಲಿ ಕಿತ್ತುಕೊಂಡು ಬಂದೆ. ರಜೆಯಂತೆ ರಜೆ. ಅಸಿಟೋನ್ ಸಕ್ಕರೆಯ ಕೈ ಕಟ್ಟುವಾಗ ಹುಟ್ಟುವ ನೀರನ್ನು ಹೀರಿ ತೆಗೆದರೆ ನಲವತ್ತೊಂದು ಮೇಲೇರಬೇಕು ಎಂದು ಬುಧವಾರದಿಂದ ತಲೆಯಲ್ಲಿ ಕೊರೆಯುತ್ತಿದೆ, ಅದನ್ನು ಮಾಡಿ ನೋಡದೆ ಹೇಗಿರುವುದು?

ಜುಂಜೇಶ್ ಸರ್ ಬಂದರು. ಜೊತೆಗೆ ಅನುಸೂಯಕ್ಕ. ಇಷ್ಟು ವರ್ಷ ಗಂಡ ಏನು ಮಾಡಿದ ಎಂದು ಕಣ್ಣಾರೆ ನೋಡಿಯೇ ತೀರುತ್ತೇನೆಂದು ಹಟ ಹಿಡಿದು ಬಂದಿದ್ದಾರೆ. ಒಲೆ ನೋಡಿದರು, ಫನೆಲ್ ನೋಡಿದರು, ಸಿಂಕಿನ ಮುಂದೆ ನಿಂತು “ಇಲ್ಲೇನಾ ನಿಂತಿದ್ದು?” ಎಂದರು.

ಜುಂಜೇಶ್ ಸರ್ ಕಪಾಟಿನಿಂದ ಬೆರಳುದ್ದದ ಸೀಸೆ ತೆಗೆದು ಕೈಗಿಟ್ಟರು. ತಳದಲ್ಲಿ ಒಂದು ಚಿಟಿಕೆ ಬಿಳೀ ಸೂಜಿಗಳು. ತೊಳೆದ ಪುಡಿ ಕಟ್ಟಿಕೊಟ್ಟದ್ದು.

ಅನುಸೂಯಕ್ಕ ಸೀಸೆಯನ್ನು ಕಿಟಕಿಗೆ ಹಿಡಿದು ಅಲುಗಾಡಿಸಿದರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು.

“ಇಷ್ಟೇನಾ?”

ಜುಂಜೇಶ್ ಸರ್ ನನ್ನ ಕಡೆ ತಿರುಗಿದರು. ಉತ್ತರ ನಾನೇ ಹೇಳಬೇಕಾಯಿತು.

“ಇಷ್ಟೇ ಅಕ್ಕ. ಆದ್ರೆ ಇಷ್ಟು ಐತೆ.”

ಅನುಸೂಯಕ್ಕ ಸೀಸೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಈ ಸಲ ಅಲುಗಾಡಿಸಲಿಲ್ಲ.